ಟೈರಿನೊಳಗಿನ ಲೋಹದ ಬಳೆ ಹೊರಗೆ ಬರುವುದು ಹೇಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದು ಕಾಲದಲ್ಲಿ ಟೈರನ್ನು ಅದರ ಒಳಹೊಟ್ಟೆಯ ಆಕಾರದ್ದೇ ಆದ ಲೋಹದ ಬಳೆಯ ಮೇಲೆ ಪದರ ಪದರವಾಗಿ ಕಟ್ಟಿ, ಬಳೆಸಮೇತ ಅಚ್ಚಿಗಿಟ್ಟು ಬೇಯಿಸುತ್ತಿದ್ದರು. ಆ ಬಳೆಗೆ ಕೋರ್ ಎನ್ನುತ್ತಾರೆ. ಅದರ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಇಲ್ಲಿ ಆರಿಸಿದ್ದೇವೆ.

ಪ್ರಶ್ನೆ: ಟೈರಿನ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಬೆಂದ ಮೇಲೆ ಒಳಗಿನ ಬಳೆಯನ್ನು ಹೊರತೆಗೆಯುವುದು ಹೇಗೆ? ಕತ್ತರಿಸಿ ತುಂಡು ಮಾಡಿದರೆ ಸಾಕೆ? (ಓದುಗರು, ದಾವಣಗೆರೆ)

ಉತ್ತರ: ಕತ್ತರಿಸಿದರೆ ಸಾಲದು, ಎಲ್ಲಿ ಹೇಗೆ ಕತ್ತರಿಸುತ್ತೀರಿ ಎನ್ನುವುದೇ ಮುಖ್ಯ. ಬಳೆಯನ್ನು ಕೇಂದ್ರದ ಕಡೆಗೆ ನೇರ ಗೆರೆಗಳಲ್ಲಿ ಸೀಳಿದಿರಿ ಎನ್ನೋಣ. ಪ್ರತಿ ತುಂಡೂ ಹೊರಗಡೆ ಅಗಲ, ಒಳಗಡೆ ಕಿರಿದು. ಕಲ್ಲಿನ ಕಮಾನಿನ ಕಲ್ಲುಗಳ ಹಾಗೆ ಒಂದನ್ನೊಂದು ಹಿಡಿದು ನಿಲ್ಲುತ್ತವೆ. ಎಷ್ಟು ಎಳೆದರೂ ಒಂದೂ ಒಳಗೆ ಬೀಳುವುದಿಲ್ಲ. ಆದ್ದರಿಂದ ಒಂದು ತುಂಡನ್ನಾದರೂ ಬೇರೆ ರೀತಿ ಮಾಡಬೇಕು. ಅದರ ಎರಡು ಪಕ್ಕಗಳು ಸಮಾಂತರವಾಗಿರಬೇಕು, ಇಲ್ಲವೇ ಹೊರಗಡೆಗೆ ಒಂದೆರಡು ಡಿಗ್ರಿ ಕಿರಿದಾಗುತ್ತ ಹೋಗಬೇಕು. ಇದು ಕೀ ತುಂಡು. ಮೊದಲು ಹೊರಬರುವುದೂ ಕೊನೆಗೆ ಕೂರುವುದೂ ಇದೇ.

ಬಿಚ್ಚುವ ಕ್ರಮ ಹೀಗೆ. ಕೋರನ್ನು ಹಿಡಿದಿರುವ ನಡುವಿನ ಹಬ್ ಮೊದಲು ಹೊರಗೆ ಬರಬೇಕು, ಏಕೆಂದರೆ ತುಂಡುಗಳು ಸರಿದು ಬರುವ ಜಾಗವೇ ಅದು. ನಂತರ ಎರಡೂ ಪಕ್ಕದಿಂದ ತುಂಡುಗಳನ್ನು ಬಿಗಿದಿರುವ ರಿಂಗುಗಳ ಬೋಲ್ಟು ಸಡಿಲಿಸಿ ರಿಂಗು ತೆಗೆಯಿರಿ. ಕೀ ತುಂಡಿನ ಒಳಮುಖದಲ್ಲಿರುವ ತೂತಿಗೆ ಐಬೋಲ್ಟ್ (ತಲೆಯಲ್ಲಿ ಉಂಗುರವಿರುವ ಬೋಲ್ಟು) ಹಾಕಿ ಕೇಂದ್ರದತ್ತ ನೇರವಾಗಿ ಎಳೆದು, ಪಕ್ಕಕ್ಕೆ ಹೊರತೆಗೆಯಿರಿ. ಪಕ್ಕದ ತುಂಡನ್ನು ನೇರವಾಗಿ ಎಳೆಯಬಾರದು. ಖಾಲಿಯಾದ ಜಾಗದ ಕಡೆಗೆ ಮೊದಲು ಸರಿಸಿ, ಆಮೇಲೆ ಒಳಗೆ. ಉಳಿದವು ಸುಲಭ. ಬಡಿಯಲೇಬೇಕಾದರೆ ತಾಮ್ರದ ಸುತ್ತಿಗೆ ಬಳಸಿ. ಉಕ್ಕಿನ ಸುತ್ತಿಗೆ ಜೋಡಣೆಯ ಅಂಚನ್ನು ಮಡಚಿಬಿಟ್ಟರೆ ಮುಂದಿನ ಪ್ರತಿ ಟೈರಿನ ಒಳಗೂ ಅದರ ಗುರುತು ಮೂಡುತ್ತದೆ.

ಪ್ರಶ್ನೆ: ಪಾಲಿಟೆಕ್ನಿಕ್ ಪ್ರಾಜೆಕ್ಟಿಗೆ 13 ಇಂಚಿನ ಕಾರ್ ಟೈರಿನ ಕೋರ್ ವಿನ್ಯಾಸ ಮಾಡುತ್ತಿದ್ದೇವೆ. ಎಷ್ಟು ತುಂಡು ಮಾಡಬೇಕು? ಎರಕದ ಕಬ್ಬಿಣವೋ ಅಲ್ಯೂಮಿನಿಯಮ್ಮೋ? (ವಿದ್ಯಾರ್ಥಿಗಳು, ಹಾಸನ)

ಉತ್ತರ: ತುಂಡುಗಳ ಸಂಖ್ಯೆಯನ್ನು ಊಹಿಸಬೇಡಿ, ಲೆಕ್ಕದಿಂದಲೇ ಬರಲಿ. ರಿಮ್ ವ್ಯಾಸ 330 ಮಿ.ಮೀ., ಕೋರಿನ ಹೊರವ್ಯಾಸ 560, ಒಳತೂತು 280, ಅತಿ ಅಗಲವಾದ ಕಡೆ 150 ಎಂದಿಟ್ಟುಕೊಳ್ಳಿ. ಆಗ ಪ್ರತಿ ತುಂಡಿನ ಆಳ 140. ಹೆಚ್ಚಿನವರು ಎಡವುವುದು ಇಲ್ಲೇ: ತುಂಡು 330ರ ಬಾಯಲ್ಲಿ ತೂರಿದರೆ ಆಯಿತು ಎಂದುಕೊಳ್ಳುತ್ತಾರೆ. ಆದರೆ ಮೊದಲ ತುಂಡು ಹೊರಡುವಾಗ ಉಳಿದವು ಇನ್ನೂ ಅಲ್ಲೇ ಇರುತ್ತವೆ. ಅದಕ್ಕೆ ಸಿಗುವುದು 280ರ ಒಳತೂತು ಮಾತ್ರ.

ಸಮಾನವಾಗಿ 6 ತುಂಡು ಮಾಡಿದರೆ ಹೊರಅಗಲ 280, ಆಳ 140, ಕರ್ಣ 313. ತೂರುವುದಿಲ್ಲ. 8 ಮಾಡಿ. ಅದರಲ್ಲಿ ಕೀ ತುಂಡು ಮೇಲಿಂದ ಕೆಳಗಿನವರೆಗೆ 110 ಅಗಲದ ಸಮಾಂತರ ಪಕ್ಕದ್ದು, ಕರ್ಣ 178, ಸಲೀಸಾಗಿ ಬರುತ್ತದೆ. ಉಳಿದ ಏಳರ ಹೊರಅಗಲ ಸುಮಾರು 229, ಕರ್ಣ 268. ಅವು ಒಳಗಡೆ ಕಿರಿದಾಗುವುದರಿಂದ ನಿಜದಲ್ಲಿ ಇನ್ನಷ್ಟು ಸಡಿಲ ಸಿಗುತ್ತದೆ. ರಿಮ್ ಚಿಕ್ಕದಾಗಿ ಟೈರಿನ ಪಕ್ಕ ಎತ್ತರವಾದಷ್ಟೂ ತುಂಡುಗಳು ಹೆಚ್ಚಬೇಕಾಗುತ್ತದೆ.

ಎಂಟೂ ತುಂಡು ಒಟ್ಟಿಗೆ ಒಳಗೆ ಸರಿಯುವಂಥ ಯಂತ್ರಭಾಗ ಬೇಕೆಂದು ನಿಮ್ಮ ಗೈಡ್ ಕೇಳಬಹುದು. ಒಪ್ಪಿಕೊಳ್ಳಬೇಡಿ. ಪ್ರತಿ ತುಂಡೂ ಕನಿಷ್ಠ 115 ಮಿ.ಮೀ. ಒಳಗೆ ಬರಬೇಕು; ಎಂಟಕ್ಕೂ ಒಟ್ಟಿಗೆ ನಡುವೆ ಜಾಗವಿಲ್ಲ. ಒಂದೊಂದಾಗಿಯೇ ತೆಗೆಯಬೇಕು.

ಲೋಹದ ವಿಷಯ. ಈ ಅಳತೆಯ ಗಟ್ಟಿ ಕೋರಿಗೆ ಸುಮಾರು 23.5 ಲೀಟರು ಲೋಹ ಹಿಡಿಯುತ್ತದೆ: ಕಬ್ಬಿಣದ್ದು 170 ಕೆ.ಜಿ., ಅಲ್ಯೂಮಿನಿಯಂನದು 64. ಒಂದು ತುಂಡು ಕಬ್ಬಿಣವಾದರೆ ಸರಾಸರಿ 21 ಕೆ.ಜಿ., ಅಲ್ಯೂಮಿನಿಯಮ್ಮಾದರೆ 8. ಬಿಸಿ ಟೈರಿನೊಳಗಿಂದ ಕೈಯಲ್ಲಿ ತೆಗೆಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ 25ರಿಂದ 150 ಡಿಗ್ರಿಗೆ ಕಾದಾಗ ಅಲ್ಯೂಮಿನಿಯಂ ಕೋರಿನ ವ್ಯಾಸ 1.6 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣದ್ದು 0.8ಕ್ಕಿಂತ ತುಸು ಕಡಿಮೆ. ಹೊರಗಿನ ಅಚ್ಚು ಕಬ್ಬಿಣದ್ದಾದರೆ ಅಲ್ಯೂಮಿನಿಯಂ ಕೋರಿನಿಂದ ರಬ್ಬರಿನ ದಪ್ಪ ಸುತ್ತಲೂ ಸುಮಾರು 0.4 ಮಿ.ಮೀ. ಕಡಿಮೆಯಾಗುತ್ತದೆ. ಅಷ್ಟನ್ನು ಮೊದಲೇ ಕಳೆದು ಕೋರನ್ನು ಲೇತಿನಲ್ಲಿ ತಿರುವಿಸಿ. ನಮ್ಮ ಮಾತು ಕೇಳುವುದಾದರೆ ಅಲ್ಯೂಮಿನಿಯಂ ಮೈ ಇರಲಿ, ಕೀ ತುಂಡಿನ ಪಕ್ಕಗಳಿಗೆ ಉಕ್ಕಿನ ತಗಡು ಕೂರಿಸಿ. ಸವೆಯುವುದು ಆ ಪಕ್ಕಗಳೇ.

ಪ್ರಶ್ನೆ: ಗಟ್ಟಿ ಕೋರಿನ ಮೇಲೆ ಸಣ್ಣ ಟೈರು ಮಾಡುತ್ತೇವೆ. ಒಳಮೈಯಲ್ಲಿ ಅಡ್ಡಡ್ಡ ತೆಳು ರಬ್ಬರಿನ ಗೆರೆಗಳು ಏಳುತ್ತವೆ. ಕೆಲವು ಟೈರಿನಲ್ಲಿ ನೈಲಾನ್ ದಾರ ಒಳಗಿನಿಂದ ಕಾಣುತ್ತದೆ. (ಓದುಗರು, ತುಮಕೂರು)

ಉತ್ತರ: ಇವು ಎರಡು ಬೇರೆ ಕಾಯಿಲೆಗಳು. ಗೆರೆ ಏಳುವುದು ತುಂಡುಗಳ ನಡುವಿನ ಸಂದಿಯಿಂದ. ಕೋರನ್ನು ಜೋಡಿಸಿ ರಿಂಗು ಬಿಗಿದ ಮೇಲೆ 0.05 ಮಿ.ಮೀ. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ತಗಡು) ಯಾವ ಜೋಡಣೆಯಲ್ಲೂ ಹೋಗಬಾರದು. ಹೋದರೆ ಒತ್ತಡದಲ್ಲಿ ಬಿಸಿ ರಬ್ಬರೂ ಹೋಗುತ್ತದೆ. ಒಂದೇ ಕಡೆ ಗೆರೆ ಇದ್ದರೆ ಕೀ ತುಂಡಿನ ಪಕ್ಕ ಸವೆದಿದೆ. ಎಲ್ಲ ಕಡೆ ಇದ್ದರೆ ಹಿಂದಿನ ಸಲದ ಬೆಂದ ರಬ್ಬರಿನ ಸಿಪ್ಪೆ ಯಾವುದೋ ಒಂದು ಜೋಡಣೆಯಲ್ಲಿ ಕೂತು ಇಡೀ ಬಳೆಯನ್ನು ಹಿಗ್ಗಿಸಿದೆ. ಪ್ರತಿ ಸಲ ಹಿತ್ತಾಳೆ ಸ್ಕ್ರೇಪರಿನಿಂದ ಕೆರೆದು ಒರೆಸಿ. ತುಂಡುಗಳಿಗೆ ನಂಬರು ಕೊರೆಸಿ, ಅದೇ ಕ್ರಮದಲ್ಲಿ ಕೂರಿಸಿ.

ದಾರ ಕಾಣುವುದಕ್ಕೆ ನೈಲಾನಿನ ಗುಣವೇ ಕಾರಣ. ಕಾದಾಗ ನೈಲಾನು ಕುಗ್ಗುತ್ತದೆ. ಬ್ಲಾಡರಿನಲ್ಲಿ, ಅಂದರೆ ಕೋರಿನ ಬದಲು ಒಳಗೆ ಉಬ್ಬುವ ರಬ್ಬರ್ ಚೀಲವಿಟ್ಟು, ಬೇಯಿಸುವಾಗ ಒಳಗಿನ ಒತ್ತಡ ಅದನ್ನು ಹೊರಗೆ ತಳ್ಳಿ ಹಿಡಿದಿರುತ್ತದೆ. ಗಟ್ಟಿ ಕೋರ್ ತಳ್ಳುವುದಿಲ್ಲ; ದಾರ ಬಿಗಿದುಕೊಂಡು ಮೆತ್ತಗಿರುವ ಒಳರಬ್ಬರನ್ನು ಸೀಳಿ ಕೋರಿನ ಮೈಗೇ ಹತ್ತುತ್ತದೆ. ಒಳಪದರದ ದಪ್ಪ ಹೆಚ್ಚಿಸಿ, ಅಥವಾ ಆ ಪದರವನ್ನು ಮೊದಲೇ ಅರೆಬೇಯಿಸಿ ಕಟ್ಟಿ. ಕಡಿಮೆ ಕುಗ್ಗುವ ಪಾಲಿಯೆಸ್ಟರ್ ದಾರ ಸಿಕ್ಕರೆ ಇನ್ನೂ ಒಳ್ಳೆಯದು. ಹತ್ತಿಯ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲದಿದ್ದರೂ. ಹಸಿ ಟೈರನ್ನು ಒಂದೊಂದನ್ನೂ ತೂಗುತ್ತಿದ್ದೀರಾ? ಗಟ್ಟಿ ಕೋರಿನಲ್ಲಿ ಒಳಗೂ ಹೊರಗೂ ಲೋಹ. ರಬ್ಬರಿಗೆ ಇರುವ ಜಾಗ ಇಷ್ಟೇ ಎಂದು ನಿಗದಿಯಾಗಿದೆ. 7 ಕೆ.ಜಿ. ಟೈರಿನಲ್ಲಿ 70 ಗ್ರಾಂ ಕಡಿಮೆಯಾದರೆ ಒಳಮೈ ತುಂಬ 0.1 ಮಿ.ಮೀ. ಖಾಲಿ ಬಿಟ್ಟ ಹಾಗೆ. ಆ ಖಾಲಿ ಒಂದೇ ಕಡೆ ಸೇರಿ ಭುಜದ ಹತ್ತಿರ ಗುಳ್ಳೆಯಾಗುತ್ತದೆ. ಹೆಚ್ಚಾದರೆ ಅಚ್ಚು ಪೂರ್ತಿ ಮುಚ್ಚುವುದಿಲ್ಲ. ಮೇಲಾಗಿ 120 ಡಿಗ್ರಿ ಏರಿದಾಗ ರಬ್ಬರಿನ ಗಾತ್ರ ಸುಮಾರು 7 ಶೇಕಡಾ ಹಿಗ್ಗುತ್ತದೆ, ಲೋಹದ್ದು ಒಂದು ಶೇಕಡಾವೂ ಇಲ್ಲ. ಹೆಚ್ಚುವರಿ ಹರಿದುಹೋಗಲು ಬೀಡ್ (ರಿಮ್ಮಿನ ಮೇಲೆ ಕೂರುವ ಟೈರಿನ ಬಾಯಂಚು) ಅಂಚಿನ ಹೊರಗೆ ಕಾಲುವೆ ಕೊರೆದಿರಲೇಬೇಕು.

ಪ್ರಶ್ನೆ: ಮೈಸೂರಿನ ಟೈರ್ ಕಾರ್ಖಾನೆಯಲ್ಲಿ ಟೈರು ಕಟ್ಟುವ ಡ್ರಮ್ಮು ಮಡಚಿಕೊಳ್ಳುವುದನ್ನು ಕಂಡೆ. ಅದೂ ಇದೇನಾ? (ಓದುಗರು, ಮಂಡ್ಯ)

ಉತ್ತರ: ಅಲ್ಲ, ಅದರ ಮುಂದಿನ ತಲೆಮಾರು. ಅಮೆರಿಕದ ಅಕ್ರನ್ ಊರಿನ ಕಾರ್ಖಾನೆಗಳು ಕಬ್ಬಿಣದ ಕೋರ್ ಬಿಟ್ಟು ಚಪ್ಪಟೆ ಡ್ರಮ್ಮಿಗೆ ಹೊರಳಿದ್ದು 1920ರ ದಶಕದಲ್ಲಿ. ಅದರ ಮೇಲೆ ಟೈರನ್ನು ಕೊಳವೆಯ ಹಾಗೆ ಕಟ್ಟಿ, ಆಮೇಲೆ ಉಬ್ಬಿಸುತ್ತಾರೆ. ಡ್ರಮ್ಮಿನ ವ್ಯಾಸ ಬೀಡಿಗಿಂತ ಸ್ವಲ್ಪವೇ ಹೆಚ್ಚು, ಆದ್ದರಿಂದ ಅದರ ತುಂಡುಗಳು ಒಟ್ಟಿಗೆ ಸರಿದರೂ ಸಾಕು. ಹಾಗೆಂದು ಕೋರ್ ಪೂರ್ತಿ ಸತ್ತಿಲ್ಲ. ಮಿಲಾನಿನಲ್ಲಿ ಪಿರೆಲ್ಲಿ ಕಂಪನಿ 2000ರ ಹೊತ್ತಿಗೆ ತಂದ ಎಂಐಆರ್‌ಎಸ್ ಪದ್ಧತಿಯಲ್ಲಿ ರೋಬೋಟುಗಳು ಮತ್ತೆ ಗಟ್ಟಿ ಕೋರಿನ ಮೇಲೇ ಟೈರು ಕಟ್ಟಿದವು. ನಿಖರತೆ ಬೇಕೆಂದಾಗ ಇದಕ್ಕೆ ಸಾಟಿಯಿಲ್ಲ.

ಪ್ರಶ್ನೆ: ಕೋರಿಗೆ ಸಿಲಿಕೋನ್ ಸ್ಪ್ರೇ ಹೊಡೆಯಬಹುದೆ? (ಅದೇ ತುಮಕೂರಿನವರು)

ಉತ್ತರ: ಕಟ್ಟುವ ಮುಂಚೆ ಬೇಡ. ಮೊದಲ ಪದರ ಕೋರಿಗೆ ತುಸು ಅಂಟಿ ನಿಲ್ಲಬೇಕು, ಜಾರಿದರೆ ದಾರದ ಕೋನವೇ ಕೆಡುತ್ತದೆ. ಅಲ್ಲದೆ ಸಿಲಿಕೋನು ಒಳಮೈಗೆ ಹತ್ತಿದರೆ ಮುಂದೆ ಪಂಕ್ಚರ್ ಪ್ಯಾಚೂ ಹಿಡಿಯುವುದಿಲ್ಲ. ಮೈಗೆಲ್ಲ ತೆಳುವಾಗಿ ಟಾಲ್ಕ್ ಪುಡಿ ಉಜ್ಜಿ, ಬೀಡ್ ಕೂರುವ ಕಡೆ ಮಾತ್ರ ಪುಡಿ ಒರೆಸಿ ರಬ್ಬರ್ ಸಲ್ಯೂಷನ್ ಹಚ್ಚಿ, ಒಣಗಿದ ಮೇಲೆ ಕಟ್ಟಲು ಶುರುಮಾಡಿ.