ಮರ್ಕೆಲ್ ಅವರ ‘ಚೀಫ್ ಆಫ್ ಸ್ಟಾಫ್’ ಯಾರು, ಬೌಮನ್ನೋ ಆಲ್ಟ್‌ಮೈಯರೋ?

ಜರ್ಮನಿಯ ಮಾಜಿ ಚಾನ್ಸಲರ್ (ಸರ್ಕಾರದ ಮುಖ್ಯಸ್ಥೆ) ಆಂಗೆಲಾ ಮರ್ಕೆಲ್ ಅವರ ‘ಚೀಫ್ ಆಫ್ ಸ್ಟಾಫ್’ ಯಾರು ಅಂತ ನಿಮ್ಮ ಲೇಖನಕ್ಕಾಗಿ ಕೇಳಿದ್ದೀರಿ. ಒಂದು ವರದಿಯಲ್ಲಿ ಬೆಯಾಟೆ ಬೌಮನ್, ಇನ್ನೊಂದರಲ್ಲಿ ಪೀಟರ್ ಆಲ್ಟ್‌ಮೈಯರ್ ಅಂತ ನಿಮಗೆ ಸಿಕ್ಕಿರುವುದಕ್ಕೆ ಕಾರಣ ಬಹುಶಃ ಅನುವಾದವೇ. ಎರಡು ಬೇರೆ ಹುದ್ದೆಗಳಿಗೆ ಇಂಗ್ಲಿಷಿನಲ್ಲಿ ಒಂದೇ ಹೆಸರು ಅಂಟಿಸಿಬಿಡುತ್ತಾರೆ. ಮೊದಲು ಜರ್ಮನ್ ಮೂಲದಲ್ಲಿ ಯಾವ ಪದ ಇದೆ ನೋಡಿ. ‘ಬ್ಯೂರೋಲೈಟರಿನ್’ ಅಂತಿದ್ದರೆ ಅದು ಬೌಮನ್, ಅಂದರೆ ಮರ್ಕೆಲ್ ಅವರ ಸ್ವಂತ ಕಚೇರಿ ನೋಡಿಕೊಳ್ಳುತ್ತಿದ್ದವರು, 1990ರ ದಶಕದಿಂದಲೂ ಜೊತೆಗಿದ್ದ ನಂಬಿಕಸ್ಥೆ, ಕ್ಯಾಮೆರಾ ಮುಂದೆ ಬಂದಿದ್ದು ತುಂಬಾ ಕಡಿಮೆ. ‘ಕಾನ್ಸ್ಲರ್‌ಆಮ್ಟ್ಸ್‌ಶೆಫ್’ ಅಂತಿದ್ದರೆ ಇಡೀ ಚಾನ್ಸಲರ್ ಕಾರ್ಯಾಲಯದ ಮುಖ್ಯಸ್ಥ. ಸಚಿವಾಲಯಗಳ ನಡುವಿನ ಜಗಳ ಬಿಡಿಸುವ ಕೆಲಸವೂ ಇವರದೇ. ಆಮೇಲೆ ಇಸವಿ ನೋಡಿ: 2013ರ ಕೊನೆಯಿಂದ 2018ರವರೆಗೆ ಆಲ್ಟ್‌ಮೈಯರ್, ನಂತರ 2021ರವರೆಗೆ ಹೆಲ್ಗೆ ಬ್ರೌನ್. ಇವರಿಬ್ಬರೂ ಆಗ ಸಚಿವರಾಗಿದ್ದರು, ಬೌಮನ್ ಆಗಿರಲಿಲ್ಲ. ನಿಮ್ಮ ಲೇಖನದಲ್ಲಿ ಬೌಮನ್‌ಗೆ ‘ಆಪ್ತ ಕಚೇರಿಯ ಮುಖ್ಯಸ್ಥೆ’, ಆಲ್ಟ್‌ಮೈಯರ್‌ಗೆ ‘ಚಾನ್ಸಲರ್ ಕಾರ್ಯಾಲಯದ ಸಚಿವ’ ಅಂತ ಹಾಕಿಬಿಡಿ.