ಪೆನ್ನಿಗೆ ಕ್ಯಾಪ್ ಹಾಕಿಟ್ಟ ಹುಡುಗ

ಮಾಸ್ತರರಿಗೆ ಶರಣಾರ್ಥಿಗಳು.

ನಿಮ್ಮ ‘ಆಜ್ಞೆ ಮತ್ತು ಮನುಷ್ಯ’ ಲೇಖನ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಇಂಡಿ ಕಡೆಯ ಹೈಸ್ಕೂಲಿನಲ್ಲಿ ದಿನವಿಡೀ ಪಾಠ ಹೇಳಿ, ರಾತ್ರಿ ಕೂತು ಹದಿನಾಲ್ಕು ಪುಟ ಕೈಯಲ್ಲಿ ಬರೆದಿದ್ದೀರಿ. ಆ ಶ್ರಮಕ್ಕೆ ತಕ್ಕ ಉತ್ತರ ಕೊಡಬೇಕೆಂದೇ ತಡವಾಯಿತು. ಈಗಿರುವ ರೂಪದಲ್ಲಿ ಇದನ್ನು ನಮ್ಮ ಮಾಸಿಕದಲ್ಲಿ ಹಾಕಲು ನನಗೆ ಆಗುವುದಿಲ್ಲ. ಯಾಕೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಓದಿ ಬೇಜಾರಾದರೆ ವಿಜಯಪುರಕ್ಕೆ ಬಂದಾಗ ಗಾಂಧಿ ಚೌಕದ ಹತ್ತಿರದ ನಮ್ಮ ಆಫೀಸಿಗೆ ಬನ್ನಿ, ಕೂತು ಮಾತಾಡೋಣ.

ಮೊದಲು ಸಣ್ಣಪುಟ್ಟವು. ಭೀಷ್ಮನಿಂದ ಹಿಟ್ಲರನವರೆಗಿನ ಮೊದಲ ಎರಡೂವರೆ ಪುಟ ತೆಗೆದುಹಾಕಿ. ಅಷ್ಟು ಹೊತ್ತು ಓದುಗನನ್ನು ಹೊಸ್ತಿಲಲ್ಲೇ ನಿಲ್ಲಿಸಿದ್ದೀರಿ. ಅಪ್ಪಣೆ ಕೊಟ್ಟರೆ ಜನ ಇನ್ನೊಬ್ಬರಿಗೆ ಎಷ್ಟರವರೆಗೆ ನೋವು ಕೊಡುತ್ತಾರೆಂದು ನೋಡಲು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟಾನ್ಲಿ ಮಿಲ್ಗ್ರಾಮ್ ಆ ಪ್ರಯೋಗ ಶುರುಮಾಡಿದ್ದು 1961ರ ಆಗಸ್ಟ್‌ನಲ್ಲಿ, ಯೇಲ್ ವಿಶ್ವವಿದ್ಯಾಲಯದಲ್ಲಿ. ನೀವು ಹಾರ್ವರ್ಡ್ ಎಂದಿದ್ದೀರಿ. ‘ಅಮಾಯಕರಿಗೆ ಕರೆಂಟ್ ಹೊಡೆಸಿದರು’ ಎಂಬುದೂ ತಪ್ಪು. ಶಾಕ್ ತಿನ್ನಬೇಕಾಗಿದ್ದ, ಗೋಡೆಯಾಚೆ ಕೂತವನು ಮೊದಲೇ ಹೇಳಿಕೊಟ್ಟು ಕೂರಿಸಿದ್ದ ಮನುಷ್ಯ, ಅವನಿಗೆ ಒಂದು ಶಾಕೂ ತಗಲಲಿಲ್ಲ. ನಿಜವಾದ ಶಾಕ್ ತಗಲಿದ್ದು ಶಾಕ್ ಕೊಡಲೆಂದು ಸ್ವಿಚ್ಚಿನ ಮುಂದೆ ಕೂತ ‘ಶಿಕ್ಷಕ’ನಿಗೆ. ಯಂತ್ರ ಖರೆ ಎಂದು ನಂಬಿಸಲು ಅವನಿಗೆ ಮೊದಲಿಗೆ 45 ವೋಲ್ಟ್ ಕೊಟ್ಟು ತೋರಿಸಿದ್ದರು.

ದೊಡ್ಡ ತಪ್ಪು ಇರುವುದು ನಿಮ್ಮ ‘ನೂರಕ್ಕೆ 65’ ಎಂಬ ಲೆಕ್ಕದಲ್ಲಿ. ನೆನಪಿನ ಶಕ್ತಿಯ ಪ್ರಯೋಗವೆಂಬ ಜಾಹೀರಾತು ನಂಬಿ, ನಾಲ್ಕು ಡಾಲರ್ ಮತ್ತು ಮೇಲೆ ಐವತ್ತು ಸೆಂಟ್ ಬಸ್ ಖರ್ಚಿಗಾಗಿ ಬಂದ 40 ಗಂಡಸರು. ಎದುರಿಗೆ 15ರಿಂದ 450 ವೋಲ್ಟಿನವರೆಗೆ 30 ಸ್ವಿಚ್. ಆಚೆಯವನು ತಪ್ಪು ಉತ್ತರ ಕೊಟ್ಟ ಹಾಗೆಲ್ಲ ಒಂದೊಂದೇ ಮೇಲಿನದನ್ನು ಒತ್ತಬೇಕು. 300ಕ್ಕೂ 315ಕ್ಕೂ ಅವನು ಗೋಡೆ ಬಡಿಯುತ್ತಾನೆ, ಆಮೇಲೆ ಸದ್ದಿಲ್ಲ. ‘ದಯವಿಟ್ಟು ಮುಂದುವರಿಸಿ’ ಎನ್ನುತ್ತ ಬೂದು ಕೋಟಿನವನೊಬ್ಬ ಹಿಂದೆ ಕೂತಿದ್ದಾನೆ. 26 ಜನ ಕೊನೆಯ ಸ್ವಿಚ್ಚಿನವರೆಗೆ ಹೋದರು. ಇದರಿಂದ ನೀವು ‘ಮನುಷ್ಯರಲ್ಲಿ ನೂರಕ್ಕೆ 65 ಮಂದಿ ಕುರಿಗಳು’ ಎಂಬ ತೀರ್ಪಿಗೆ ಹಾರಿದ್ದೀರಿ. ಆದರೆ ಮಿಲ್ಗ್ರಾಮ್ ಕೋಣೆಯನ್ನು ಬದಲಿಸಿದ ಹಾಗೆಲ್ಲ ಲೆಕ್ಕವೂ ಬದಲಾಯಿತು. ಶಾಕ್ ತಿನ್ನುವವನನ್ನು ಅದೇ ಕೋಣೆಗೆ ತಂದು ಕೂರಿಸಿದಾಗ ಕೊನೆ ಮುಟ್ಟಿದವರು 40ರಲ್ಲಿ 16. ಕೋಟಿನವನು ಎದ್ದುಹೋಗಿ ಫೋನಿನಲ್ಲಿ ಅಪ್ಪಣೆ ಕೊಟ್ಟಾಗ ಐದರಲ್ಲಿ ಒಬ್ಬರ ಆಸುಪಾಸು. ಪಕ್ಕದಲ್ಲಿ ಕೂತ ಇಬ್ಬರು ‘ನಾವು ಮಾಡಂಗಿಲ್ಲ’ ಎಂದು ಎದ್ದಾಗ 40ರಲ್ಲಿ ನಾಲ್ಕೇ ಜನ. ನಾಲ್ಕು ಎಂಬ ಈ ಅಂಕಿ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನನಗೆ ಇಡೀ ಸಂಶೋಧನೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಕಿ ಕಾಣುವುದಿಲ್ಲ.

ಇನ್ನು ಒಂಬತ್ತನೆಯ ಪುಟ. ಅಲ್ಲಿ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮಿಲ್ಗ್ರಾಮ್ ಹೇಳಿದ್ದು ನಮ್ಮ ನೆಲದಲ್ಲೂ ನಿಜವೇ ಎಂದು ನೋಡಲು ನೀವು ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ವಿಜ್ಞಾನದ ನೋಟ್‌ಬುಕ್ ತೆಗೆದುಕೊಂಡಿರಿ. ಬೆಂಚಿನಿಂದ ಬೆಂಚಿಗೆ ದಾಟಿಸಿ, ಪ್ರತಿಯೊಬ್ಬರೂ ಒಂದು ಸಾಲಿನ ಮೇಲೆ ಕೆಂಪು ಪೆನ್ನಿನಿಂದ ಗೆರೆ ಎಳೆಯಬೇಕೆಂದು ಹೇಳಿದಿರಿ. ಮೂವರನ್ನು ಬಿಟ್ಟು ಉಳಿದವರೆಲ್ಲ ಎಳೆದರು. ‘ಮಕ್ಕಳು ನಗುತ್ತಲೇ ಎಳೆದರು, ಅವರಿಗದು ಆಟವಾಗಿತ್ತು’ ಎಂದು ಬರೆದಿದ್ದೀರಿ. ಹುಡುಗಿಯ ಹೆಸರು, ಅವಳ ಊರು, ಅವಳ ಅಪ್ಪನ ಕಸುಬು ಎಲ್ಲವನ್ನೂ ಬರೆದಿದ್ದೀರಿ. ಆ ನೋಟ್‌ಬುಕ್ ಅವಳ ಕೈಗೆ ಹೊಳ್ಳಿ ಹೋದಾಗ ಏನಾಯಿತೆಂಬುದನ್ನು ಮಾತ್ರ ಬರೆದಿಲ್ಲ.

ಮಾಸ್ತರೆ, ಆ ನಗುವನ್ನು ನೀವು ತಪ್ಪು ಓದಿದ್ದೀರಿ. ಮಿಲ್ಗ್ರಾಮ್‌ನ ಆ 40 ಜನರಲ್ಲಿ 14 ಮಂದಿಗೆ ಆತಂಕದ ನಗು ಬಂದಿತ್ತು. ಬೆವತು, ತೊದಲಿ, ತುಟಿ ಕಚ್ಚಿಕೊಂಡವರಿದ್ದರು. ಮೂವರಿಗೆ ನಗು ಹತೋಟಿ ಮೀರಿ ಮೈ ನಡುಗಿತು. ಹಿಂಸೆಯಲ್ಲಿ ನಮಗೆ ಖುಷಿಯಿರಲಿಲ್ಲ ಎಂದು ಆಮೇಲೆ ಅವರೇ ಕಷ್ಟಪಟ್ಟು ವಿವರಿಸಿದರು. ಇದನ್ನು 1963ರಲ್ಲಿ ಬರೆದವನು ಮಿಲ್ಗ್ರಾಮ್‌ನೇ. ನಿಮ್ಮ ಮಕ್ಕಳ ನಗುವನ್ನೂ ಒಮ್ಮೆ ಹಾಗೆ ನೋಡಿ.

1964ರಲ್ಲಿ ಡಯಾನಾ ಬೌಮ್ರಿಂಡ್ ಎಂಬ ಮನಶ್ಶಾಸ್ತ್ರಜ್ಞೆ ಎತ್ತಿದ ಆಕ್ಷೇಪ ಇದೇ ಜಾಗದ್ದು. ಪ್ರಯೋಗಶಾಲೆಗೆ ಬರುವವರು ಸಂಶೋಧಕನನ್ನು ನಂಬಿ ಬರುತ್ತಾರೆ. ಆ ನಂಬಿಕೆಯನ್ನೇ ಉಪಯೋಗಿಸಿಕೊಂಡು ಅವರನ್ನು ತಮ್ಮ ಕಣ್ಣಿಗೇ ಸಣ್ಣವರನ್ನಾಗಿ ಮಾಡಬಹುದೇ ಎಂದು ಕೇಳಿದರು. ಭಾಗವಹಿಸಿದವರಿಗೆ ಆಮೇಲೆ ಪ್ರಶ್ನಾವಳಿ ಕಳಿಸಿದ್ದೆ, ನೂರಕ್ಕೆ 84 ಮಂದಿ ಬಂದದ್ದಕ್ಕೆ ಸಂತೋಷವಿದೆ ಎಂದರು, ಎಂಬುದು ಮಿಲ್ಗ್ರಾಮ್‌ನ ಸಮರ್ಥನೆ. ಅದನ್ನೂ ತಳ್ಳಿಹಾಕಲಾರೆ. ಆದರೆ ಜೀನಾ ಪೆರ್ರಿ ಎಂಬ ಲೇಖಕಿ ಯೇಲ್‌ನ ಹಳೆಯ ಕಡತಗಳನ್ನು ಬಿಚ್ಚಿ ನೋಡಿದಾಗ, ಶಾಕ್ ಸುಳ್ಳೆಂಬುದನ್ನು ಅನೇಕರಿಗೆ ಅಂದೇ ಹೇಳದೆ ಮನೆಗೆ ಕಳಿಸಿದ್ದು ಕಂಡುಬಂತು. ಎಷ್ಟೋ ದಿನ ಅವರು ಯಾರನ್ನೋ ಸಾಯಿಸಿದೆವೇನೋ ಎಂದುಕೊಂಡು ಬದುಕಿರಬಹುದು. ಮನಶ್ಶಾಸ್ತ್ರಜ್ಞ ಜೆರ್ರಿ ಬರ್ಗರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿಲ್ಗ್ರಾಮ್‌ನ ಪ್ರಯೋಗವನ್ನೇ ಮತ್ತೆ ಮಾಡಿದರು, ಆದರೆ 150 ವೋಲ್ಟಿಗೇ ನಿಲ್ಲಿಸಿದರು. ಮನಸ್ಸಿಗೆ ತ್ರಾಸಾಗಬಹುದಾದವರನ್ನು ಮೊದಲೇ ಸೋಸಿ ಬಿಟ್ಟರು, ಯಾವಾಗ ಬೇಕಾದರೂ ಎದ್ದುಹೋಗಬಹುದೆಂದು ಮೂರು ಸಲ ಹೇಳಿದರು, ಮುಗಿದ ಕೂಡಲೇ ನಿಜ ತಿಳಿಸಿದರು.

ನಿಮ್ಮ ತರಗತಿಯಿಂದ ಯಾರು ಎದ್ದುಹೋಗಬಹುದಿತ್ತು? ಮಿಲ್ಗ್ರಾಮ್‌ನ ಕೋಣೆಯಲ್ಲಿದ್ದವರಿಗೆ, ಮುಂದೇನೇ ಆಗಲಿ ಬಂದದ್ದಕ್ಕೆ ಆ ದುಡ್ಡು ನಿಮ್ಮದೇ ಎಂದಾದರೂ ಹೇಳಿದ್ದರು. ನಿಮ್ಮ ಮಕ್ಕಳಿಗೆ ಮರುದಿನವೂ ನೀವೇ ಮಾಸ್ತರರು, ಅಂಕ ಹಾಕುವವರೂ ನೀವೇ.

ಇದನ್ನು ಕಟಕಟೆಯಲ್ಲಿ ನಿಲ್ಲಿಸಿ ಕೇಳುತ್ತಿಲ್ಲ. ನನ್ನ ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಒಂದು ಪತ್ರಿಕೆಗೆ ವರದಿಗಾರನಾಗಿದ್ದೆ. ಬಾಗಲಕೋಟೆ ಕಡೆಯ ಹಳ್ಳಿಯಲ್ಲಿ ರೈತರೊಬ್ಬರು ತೀರಿಕೊಂಡಿದ್ದರು. ‘ಫೋಟೊ ಇಲ್ಲದ ಬರಬ್ಯಾಡ’ ಎಂದು ಮೇಲಿನವರು ಫೋನಿನಲ್ಲಿ ಹೇಳಿದರು. ಗೋಡೆಯ ಮೇಲೆ ಒಂದೇ ಫೋಟೊ ಇತ್ತು, ಗಾಜಿನ ಮೇಲೆ ಹಚ್ಚಿದ ವಿಭೂತಿ ಇನ್ನೂ ಹಸಿ ಇತ್ತು. ‘ಒಯ್ರಿ, ಆದ್ರ ಹೊಳ್ಳಿ ಕೊಡ್ರಿ’ ಎಂದು ಆ ತಾಯಿ ಹೇಳಿದರು. ಮೊಳೆಯಿಂದ ಅದನ್ನು ತೆಗೆದದ್ದು ನನ್ನ ಕೈ. ಆಫೀಸಿನಲ್ಲಿ ಅದು ಎಲ್ಲೋ ಕಳೆದುಹೋಯಿತು. ಮೇಲಿನವರು ಹೇಳಿದ್ದರು ಎಂದು ಎಷ್ಟು ಸಲ ಹೇಳಿಕೊಂಡರೂ ಆ ಗೋಡೆಯಲ್ಲಿ ಉಳಿದ ಮೊಳೆ ನನ್ನ ಕಣ್ಣಿಂದ ಹೋಗಿಲ್ಲ. ನಿಮ್ಮ ಒಂಬತ್ತನೆಯ ಪುಟವನ್ನು ನಾನು ಓದಿದ್ದು ಆ ಕಣ್ಣಿನಿಂದ.

ನಿಮ್ಮ ಬರಹದಲ್ಲಿ ಒಂದು ವಾಕ್ಯ ಬಹಳ ಚೆನ್ನಾಗಿದೆ: ‘ಒಬ್ಬ ಹುಡುಗ ಪೆನ್ನಿಗೆ ಕ್ಯಾಪ್ ಹಾಕಿ ಬೆಂಚಿನ ಮೇಲಿಟ್ಟ.’ ಹದಿನಾಲ್ಕು ಪುಟದಲ್ಲಿ ಬೇರೆಲ್ಲೂ ಇಷ್ಟು ಹತ್ತಿರದಿಂದ ನೀವು ಯಾರನ್ನೂ ನೋಡಿಲ್ಲ. ಆದರೆ ಅಲ್ಲಿಗೇ ಬಿಟ್ಟು ಮತ್ತೆ ಶೇಕಡಾವಾರಿಗೆ ಓಡಿದ್ದೀರಿ. ಅವನು ಎಷ್ಟನೆಯ ಬೆಂಚಿನವನು? ಉಳಿದ ಇಬ್ಬರು ಬೇಡವೆಂದದ್ದು ಅವನಿಗಿಂತ ಮೊದಲೋ, ಅವನನ್ನು ನೋಡಿದ ಮೇಲೋ? ಅವನು ಮೊದಲ ಬೆಂಚಿನಲ್ಲಿದ್ದಿದ್ದರೆ ನೋಟ್‌ಬುಕ್ ಹಿಂದಿನ ಬೆಂಚಿಗೆ ಹೇಗೆ ಹೋಗುತ್ತಿತ್ತು? ಆ ನಾಲ್ಕು ಎಂಬ ಅಂಕಿಯ ಉತ್ತರ ನಿಮ್ಮ ಕೋಣೆಯಲ್ಲೇ ಇತ್ತು. ಅವನು ಕ್ಯಾಪ್ ಹಾಕಿದಾಗ ನೀವು ಏನು ಹೇಳಿದಿರಿ ಎಂಬುದನ್ನೂ ಬರೆಯಬೇಕು. ಬೈದಿದ್ದರೆ ಬೈದೆ ಎಂದೇ ಬರೆಯಿರಿ.

ಅದಕ್ಕೂ ಮೊದಲು ಆಗಬೇಕಾದ ಕೆಲಸವಿದೆ. ಅದೇ ತರಗತಿಗೆ ಹೋಗಿ ನಡೆದದ್ದೇನೆಂದು ಮಕ್ಕಳಿಗೆ ಹೇಳಿ. ಹುಡುಗಿಯ ಹತ್ತಿರ, ಅವಳ ಮನೆಯವರ ಹತ್ತಿರ ನೀವೇ ಹೋಗಿ ಮಾತಾಡಿ. ಹೊಸ ನೋಟ್‌ಬುಕ್‌ನಲ್ಲಿ ಆ ಪಾಠಗಳನ್ನು ನಿಮ್ಮ ಕೈಯಾರೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಅವರು ಬರೆಯಬೇಡಿ ಎಂದರೆ ಈ ಭಾಗ ಬಿಡಬೇಕು. ಬರೆಯಿರಿ ಎಂದರೂ ಹೆಸರು, ಊರು, ಕಸುಬು ಬರಕೂಡದು.

ನಿಮ್ಮ ಹಸ್ತಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಒಂಬತ್ತು ಮತ್ತು ಹತ್ತನೆಯ ಪುಟದಲ್ಲಿ ಹುಡುಗಿಯ ಹೆಸರಿದ್ದಲ್ಲೆಲ್ಲ ಕಾಣದಂತೆ ಮಸಿ ಬಳಿದಿದ್ದೇನೆ, ಕ್ಷಮಿಸಿ. ಪ್ರತಿ ಇಟ್ಟುಕೊಂಡಿಲ್ಲ. ಯಾವ ಸಂಚಿಕೆಗೆಂದು ಅವಸರ ಮಾಡಬೇಡಿ, ಬರೆದಾದ ದಿನ ಕಳಿಸಿ.

ನಿಮ್ಮವನೇ,
ಸಂಪಾದಕ