ಜಾಗತಿಕ ಸಮಸ್ಯೆಗಳ ಬಗ್ಗೆ ಜನ ಕಾಳಜಿ ತೋರಿ, ಕೆಲಸಕ್ಕೂ ಇಳಿಯುವಂತೆ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಚಳ್ಳಕೆರೆ ತಾಲ್ಲೂಕಿನ ನಿಮ್ಮೂರಲ್ಲಿ ಹವಾಮಾನ ಬದಲಾವಣೆ, ನೀರಿನ ಬಿಕ್ಕಟ್ಟು ಅಂತ ಎರಡು ಸಲ ಸಭೆ ಕರೆದಿರಿ. ಪ್ರೊಜೆಕ್ಟರ್ ಹಾಕಿ ತೋರಿಸಿದಿರಿ. ಜನ ಬಂದರು, ತಲೆದೂಗಿದರು, ಟೀ ಕುಡಿದು ಹೋದರು. ಮೂರನೇ ಸಭೆಗೆ ಯಾರೂ ಬರಲಿಲ್ಲ. ಎಲ್ಲಿ ತಪ್ಪಿತು?

ಜನಕ್ಕೆ ಕಾಳಜಿ ಇಲ್ಲ ಅಂತ ಮಾತ್ರ ತೀರ್ಮಾನ ಮಾಡಬೇಡಿ. ಬೋರು ಬತ್ತಿದಾಗ ಕೊಡ ಹಿಡಿದು ಟ್ಯಾಂಕರ್ ಹಿಂದೆ ಓಡಿದ ಊರಿಗೆ ನೀರಿನ ಚಿಂತೆಯನ್ನು ಯಾರೂ ಕಲಿಸಬೇಕಾಗಿಲ್ಲ. ಸಭೆಯಿಂದ ಎದ್ದು ಹೋಗುವಾಗ ಅವರ ಕೈಯಲ್ಲಿ ಮಾಡುವಂಥ ಕೆಲಸ ಒಂದೂ ಇರಲಿಲ್ಲ, ಅದೇ ಕೊರತೆ.

ಇದನ್ನು ನಮ್ಮ ದೇಶ ಒಮ್ಮೆ ಸರಿಯಾಗಿ ಮಾಡಿ ತೋರಿಸಿದೆ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಸಹಜ ಪೋಲಿಯೊ ವೈರಸ್‌ನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊಮುಕ್ತ ಅಂತ ಪ್ರಮಾಣಪತ್ರವೂ ಬಂತು. ಇಡೀ ಜಗತ್ತಿನ ರೋಗ ಅದು, ಆದರೆ ಕೆಲಸ ಹಂಚಿದ್ದು ಓಣಿಯ ಲೆಕ್ಕದಲ್ಲಿ. ಒಂದು ಭಾನುವಾರ, ಒಂದು ಬೂತು, ಮಗುವಿನ ಬಾಯಿಗೆ ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿಯ ಗುರುತು. ಆಮೇಲೆ ಮನೆಮನೆ ತಿರುಗಿ, ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಬಾಗಿಲಿಗೆ ‘ಪಿ’, ಯಾರಾದರೂ ತಪ್ಪಿದ್ದರೆ ‘ಎಕ್ಸ್’. ‘ಎಕ್ಸ್’ ಬಿದ್ದ ಮನೆಗೆ ಮತ್ತೆ ಹೋಗಲೇಬೇಕು. ಕೆಲಸ ಎಷ್ಟಾಯಿತು, ಎಷ್ಟು ಉಳಿಯಿತು ಅಂತ ಓಣಿಯಲ್ಲಿ ನಡೆದುಹೋಗುವ ಯಾರಿಗಾದರೂ ಕಾಣುತ್ತಿತ್ತು. ನಿಮ್ಮ ಸಭೆಗೂ ಬೇಕಾಗಿದ್ದದ್ದು ಇವೇ ಮೂರು: ಸಣ್ಣ ಕೆಲಸ, ಗೊತ್ತಾದ ದಿನ, ಕಣ್ಣಿಗೆ ಕಾಣುವ ಗುರುತು.

ನಿಮ್ಮ ಭಾಗಕ್ಕೆ ಮಳೆ ಅಳೆಯುವ ಕೆಲಸದಿಂದ ಶುರು ಮಾಡಿ ಅಂತ ನನ್ನ ಸಲಹೆ. ಖರ್ಚಿಲ್ಲ, ವಿರೋಧವಿಲ್ಲ, ಮಳೆಯ ಬಗ್ಗೆ ಮಾತಾಡದ ರೈತನೂ ಇಲ್ಲ.

ಮೈ ನೇರವಾಗಿರುವ, ಮೇಲಿಂದ ಕೆಳಗಿನವರೆಗೆ ಒಂದೇ ಅಗಲದ ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಭುಜ ಶುರುವಾಗುವ ಜಾಗದಲ್ಲಿ ಕತ್ತರಿಸಿ, ಮುಚ್ಚಳ ತೆಗೆದು, ಮೇಲಿನ ತುಂಡನ್ನು ತಲೆಕೆಳಗಾಗಿ ಲಾಳಿಕೆಯಂತೆ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದೆ, ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ನಾಲ್ಕಾರು ಬೆಣಚುಕಲ್ಲು ಹಾಕಿ, ಮೈ ನೇರವಾಗುವ ಮಟ್ಟದವರೆಗೆ ನೀರು ತುಂಬಿ. ಅದೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಸ್ಕೇಲು ಅಂಟಿಸಿ. ಕಲ್ಲಿನ ಭಾರಕ್ಕೆ ಬಾಟಲಿ ಗಾಳಿಗೆ ಉರುಳುವುದೂ ಇಲ್ಲ.

ಇಡುವ ಜಾಗದಲ್ಲೇ ಹೆಚ್ಚಿನವರು ಎಡವುತ್ತಾರೆ. ಸೂರಿನ ಕೆಳಗಿಟ್ಟರೆ ಚಾವಣಿಯ ನೀರೂ ಸೇರುತ್ತದೆ, ಬೇವಿನ ಮರದ ಬುಡದಲ್ಲಿಟ್ಟರೆ ಎಲೆಯೇ ಅರ್ಧ ಮಳೆ ಹಿಡಿಯುತ್ತದೆ. ಹತ್ತಿರದ ಗೋಡೆ ಅಥವಾ ಮರದ ಎತ್ತರದ ಎರಡು ಪಟ್ಟಾದರೂ ದೂರ ಬೇಕು. ದಿನಾ ಬೆಳಿಗ್ಗೆ ಎಂಟೂವರೆಗೆ ಓದಿ, ಹವಾಮಾನ ಇಲಾಖೆಯ ಮಳೆಲೆಕ್ಕದ ದಿನ ಮುಗಿಯುವುದೂ ಆಗಲೇ. ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ತಂದು ನೋಡಬೇಕು. ಅಂಚಿನಲ್ಲಿ ನೀರು ಏರಿ ನಿಂತಿರುತ್ತದೆ, ನಡುವಿನ ತಗ್ಗು ಮಟ್ಟವೇ ಸರಿಯಾದ ಓದು. ಆಮೇಲೆ ಹೆಚ್ಚಿನ ನೀರು ಚೆಲ್ಲಿ ಸೊನ್ನೆಗೆ ತನ್ನಿ. ಬಿಸಿಲಿಗೆ ಇಂಗಿದ್ದರೆ ಸೊನ್ನೆಯವರೆಗೆ ತುಂಬಿಸಿ, ಇದನ್ನು ಮರೆತರೆ ಮುಂದಿನ ಮಳೆ ಕಡಿಮೆ ತೋರಿಸುತ್ತದೆ. ಪುಸ್ತಕದಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರವನ್ನೂ ಬರೆಯಿರಿ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅನ್ನುವ ಹಿರಿಯರು ಆ ಪುಸ್ತಕ ಕೇಳಿ ಇಸಿದುಕೊಂಡು ನೋಡುತ್ತಾರೆ.

ಇನ್ನು ಗುರುತು. ಅಳತೆಯನ್ನು ವಾಟ್ಸಾಪ್ ಗುಂಪಿಗಷ್ಟೇ ಹಾಕಿದರೆ ಎರಡೇ ವಾರಕ್ಕೆ ಅದು ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಮುಳುಗುತ್ತದೆ. ಹಾಲಿನ ಡೇರಿಯ ಗೋಡೆಗೆ ಕಪ್ಪು ಹಲಗೆ ತೂಗುಹಾಕಿ. ಸಂಜೆ ಹಾಲು ಹಾಕಲು ಬಂದವರು ಫ್ಯಾಟ್ ಎಷ್ಟು ಬಂತು ಅಂತ ಕಾಯುವ ಹೊತ್ತಲ್ಲಿ ಹಲಗೆ ಓದುತ್ತಾರೆ: ‘ಇವತ್ತು 14 ಮಿ.ಮೀ. ಈ ತಿಂಗಳು 31. ಮಳೆ ದಿನ 3.’ ಮಳೆ ದಿನ ಅಂದರೆ 2.5 ಮಿ.ಮೀ. ಅಥವಾ ಹೆಚ್ಚು ಬಿದ್ದ ದಿನ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿವೆ, ನಿಮ್ಮ ಅಂಕಿಯನ್ನು ಅದರ ಜೊತೆ ಹೋಲಿಸಿ. ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ, ಒಂದೇ ಹಳ್ಳಿಯ ಎರಡು ಹೊಲಕ್ಕೆ ಒಂದೇ ಮಳೆ ಬೀಳುವುದಿಲ್ಲ.

ಅಂಕಿ ಬಂದ ಮೇಲೆ ಲೆಕ್ಕ ಹಾಕಿಸಿ, ಜನ ಅಲುಗುವುದು ಇಲ್ಲೇ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. ಸಾವಿರ ಚದರಡಿಯ ಮಾಳಿಗೆ ಸುಮಾರು 93 ಚದರ ಮೀಟರ್. 20 ಮಿ.ಮೀ. ಬಿದ್ದರೆ 1,860 ಲೀಟರ್. ಐದರಲ್ಲೊಂದು ಪಾಲು ಸೋರಿ, ಆರಿ ಹೋದರೂ ಸುಮಾರು 1,500 ಲೀಟರ್ ಕೈಗೆ ಸಿಗುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ನೂರು ಕೊಡ, ಒಂದೇ ಮಳೆಗೆ! ಹಲಗೆಯ ಮೇಲೆ ಮಿ.ಮೀ. ಪಕ್ಕದಲ್ಲಿ ಕೊಡದ ಲೆಕ್ಕವನ್ನೂ ಬರೆಯಿರಿ. ಚಿತ್ರದುರ್ಗ ಜಿಲ್ಲೆಯ ಬಹಳಷ್ಟು ಕಡೆ ಬೋರಿನ ನೀರಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿಗೆ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಉಳಿದ ನೀರಲ್ಲಿ ಸಾಂದ್ರವಾಗುತ್ತದೆ. ಮಳೆನೀರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಮಕ್ಕಳ ಹಲ್ಲಿನ ಕಂದುಕಲೆ ನೋಡಿರುವ ತಾಯಂದಿರಿಗೆ ಇದರ ಮೇಲೆ ಭಾಷಣ ಬೇಕಾಗದು. ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ನೀವೇ ಹೋಗಿ, ಮಾತಾಡಲು ಹತ್ತು ನಿಮಿಷ ಸಮಯ ಕೇಳಿ. ಮಾಳಿಗೆಯ ಮಳೆನೀರು ಹಿಡಿಯಲು ಮನೆಗೆ ಪೈಪು ಹಾಕಿಸುವವರು ಹಂಗಾಮಿನ ಮೊದಲ ಮಳೆಯಲ್ಲಿ ಮಾಳಿಗೆ ತೊಳೆದ ನೀರನ್ನು, ಅಂದರೆ ಈ ಅಳತೆಗೆ ನೂರರಿಂದ ಇನ್ನೂರು ಲೀಟರ್, ಹೊರಗೆ ಬಿಡಬೇಕು. ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ.

ಹವಾಮಾನ ಬದಲಾವಣೆಯ ಮಾತು ಈಗ ತೆಗೆಯಿರಿ, ಮೊದಲೇ ಬೇಡ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಹಾಗಾಗಿ ಸುರಿದಾಗ ಒಮ್ಮೆಲೇ ಧೋ ಅಂತ ಸುರಿಯುವ ಸಂಭವ ಹೆಚ್ಚು. ವಾರಗಟ್ಟಲೆ ಬಿಡುವು ಕೊಟ್ಟರೆ ಶೇಂಗಾ ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೇ ಬಾಡುತ್ತದೆ. ಆದರೆ ಒಂದು ವರ್ಷದ ಪುಸ್ತಕ ತೋರಿಸಿ ‘ನೋಡಿ, ಸಾಬೀತಾಯಿತು’ ಅನ್ನಬೇಡಿ. ಹವಾಮಾನದ ಸರಾಸರಿಗೆ 30 ವರ್ಷದ ಲೆಕ್ಕ ಬೇಕು. ಉತ್ಪ್ರೇಕ್ಷೆ ಒಮ್ಮೆ ಸಿಕ್ಕಿಬಿದ್ದರೆ ನಿಮ್ಮ ನಿಜವನ್ನೂ ಜನ ನಂಬುವುದಿಲ್ಲ. ‘ಮಾರಿಕಣಿವೆ ಕೋಡಿ ಬಿತ್ತಲ್ಲ, ಇನ್ನೆಲ್ಲಿಯ ಬರ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಗೌರವದಿಂದ ಉತ್ತರಿಸಿ: 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಜಲಾಶಯ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮರುವರ್ಷವೇ ರಾಜ್ಯದಲ್ಲಿ ಬರ ಘೋಷಣೆಯಾಯಿತು. ಅತಿ, ಅನಾವೃಷ್ಟಿ ಬೆನ್ನುಬೆನ್ನಿಗೆ ಬಂದವು.

ಮಾತಿನಲ್ಲಿ ಒಂದು ಎಚ್ಚರ. ‘ನಮ್ಮೂರಲ್ಲಿ ಯಾರೂ ಏನೂ ಮಾಡ್ತಿಲ್ಲ’ ಅನ್ನುವುದು ಕೆಲಸ ಕೆಡಿಸುವ ಮಾತು. ಅಮೆರಿಕದ ಅರಿಜೋನಾದ ಶಿಲೀಕೃತ ಮರಗಳ ರಾಷ್ಟ್ರೀಯ ಉದ್ಯಾನದಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತವರ ಸಂಗಡಿಗರು ಇದನ್ನು ಪರೀಕ್ಷಿಸಿದ್ದರು. ‘ಬಹಳ ಜನ ಮರದ ಚೂರು ಕದ್ದೊಯ್ದಿದ್ದಾರೆ’ ಅನ್ನುವ ಫಲಕ ಹಾಕಿದಾಗ ಕಳ್ಳತನ ಹೆಚ್ಚಾಯಿತು. ಎಲ್ಲರೂ ಮಾಡುವುದೇ ಸರಿ ಅಂತ ಮನಸ್ಸು ಓದಿಕೊಳ್ಳುತ್ತದೆ. ಆರೇ ಮನೆಗೆ ಪೈಪು ಬಿದ್ದಿದ್ದರೂ ಹಲಗೆಯ ಮೇಲೆ ‘ಆರು ಮನೆ ಆಯಿತು, ಈ ವಾರ ಏಳನೆಯದು’ ಅಂತಲೇ ಬರೆಯಿರಿ.

ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಫೋಟೊ ತೆಗೆಸುವುದನ್ನು ಬಿಡಿ. ಚಳ್ಳಕೆರೆ, ಹಿರಿಯೂರು ಕಡೆ ಮಳೆಯ ಜೋರು ಇರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ನೆಡುವುದಾದರೆ ನೆಲ ಚೆನ್ನಾಗಿ ನೆನೆದ ಮೇಲೆ ನೆಡಿ, ಮೇಕೆಗೆ ಮುಳ್ಳಿನ ಬೇಲಿ ಕಟ್ಟಿ, ಎರಡು ಬೇಸಿಗೆ ನೀರು ಹೊರುವವರ ಹೆಸರು ಮೊದಲೇ ಬರೆದುಕೊಳ್ಳಿ. ಹೆಸರು ಸಿಗದಿದ್ದರೆ ಆ ಸಸಿ ಬೇಡ.

ಹತ್ತು ಹನ್ನೆರಡು ಜನ ಗಟ್ಟಿಯಾದ ಮೇಲೆ ಗ್ರಾಮಸಭೆಗೆ ಹೋಗಿ. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಒಂದು ಹಾಳೆ, ಒಂದೇ ಬೇಡಿಕೆ: ಇಂಥ ಜಾಗದಿಂದ ಇಂಥ ಜಾಗದವರೆಗೆ ಕೆರೆಗೆ ನೀರು ತರುವ ಹಳ್ಳ ಜಾಲಿ ಬೆಳೆದು ಮುಚ್ಚಿದೆ, ಉದ್ದ ಇಷ್ಟು ಮೀಟರ್, ಈ ವರ್ಷದ ಕ್ರಿಯಾಯೋಜನೆಗೆ ಸೇರಿಸಿ. ಮಳೆ ಪುಸ್ತಕದ ನಕಲು ಲಗತ್ತಿಸಿ. ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಬರಬೇಡಿ. ಹತ್ತು ಬೇಡಿಕೆ ಒಟ್ಟಿಗೆ ಕೊಟ್ಟರೆ ಸುಲಭದ ಒಂದನ್ನು ಮಾಡಿ ಕಡತ ಮುಚ್ಚುತ್ತಾರೆ.

ಕೊನೆಗೆ ಬಾಟಲಿಯ ವಿಷಯ. ಅಳತೆ ಓದುವ ಹುಡುಗ ಪರೀಕ್ಷೆ ಅಂತಲೋ ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅಂತಲೋ ಹೊರಟರೆ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಪ್ರತಿ ಬಾಟಲಿಗೆ ಇಬ್ಬರನ್ನು ಗೊತ್ತು ಮಾಡಿ, ಅವರಲ್ಲಿ ಒಬ್ಬರು ಊರು ಬಿಟ್ಟು ಹೋಗದ ಹಿರಿಯರಿರಲಿ. ಅಂಕಿ ಓದಲು ಬಂದರೆ ಸಾಕು. ಓದಲಾಗದ ದಿನ ಸೊನ್ನೆ ಹಾಕಬಾರದು, ಗೆರೆ ಎಳೆಯಬೇಕು ಅಂತ ಇಬ್ಬರಿಗೂ ಮೊದಲೇ ಹೇಳಿಡಿ.